ಬ್ಲೈಟಿ

ಮೊದಲನೆಯ ಮಹಾಯುದ್ಧದ ಕಾಲ. ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳ ಕಂದಕಗಳಲ್ಲಿ ಬ್ರಿಟಿಷ್ ಸೈನಿಕರು ಕೆಸರು, ಚಳಿ, ಇಲಿಗಳ ಕಾಟವನ್ನು ಸಹಿಸುತ್ತ ದಿನಗಳನ್ನು ಎಣಿಸುತ್ತಿದ್ದರು. ಗುಂಡು ತಗುಲಿದ ಸಂಗಡಿಗನನ್ನು ಕಂಡು ಅವರು ಕೆಲವೊಮ್ಮೆ ಮರುಗುವುದಕ್ಕೆ ಬದಲಾಗಿ ಅಸೂಯೆಪಡುತ್ತಿದ್ದರು! ಅವನಿಗೆ 'ಬ್ಲೈಟಿ' ದೊರೆಯಿತೆಂದು ಆಡಿಕೊಳ್ಳುತ್ತಿದ್ದರು. ಪ್ರಾಣವನ್ನು ತೆಗೆಯದ, ಆದರೆ ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸಲೇಬೇಕಾದಷ್ಟು ತೀವ್ರವಾದ ಗಾಯಕ್ಕೆ ಆ ಹೆಸರು. ಅಂತಹ ಗಾಯಕ್ಕಾಗಿ ಹಂಬಲಿಸಿ ತಮ್ಮ ಕೈಕಾಲುಗಳಿಗೆ ತಾವೇ ಗುಂಡು ಹೊಡೆದುಕೊಂಡವರೂ ಉಂಟು. ಸೇನೆಯು ಅದನ್ನು ಅಪರಾಧವೆಂದು ಎಣಿಸಿ ಶಿಕ್ಷಿಸುತ್ತಿತ್ತು.

ಬ್ಲೈಟಿ ಎಂದರೆ ಮೂಲತಃ ತಾಯ್ನಾಡಾದ ಬ್ರಿಟನ್. ಆದರೆ ಈ ಆಡುಮಾತಿನ ತವರು ಬ್ರಿಟನ್ ಅಲ್ಲ. ಅರಬ್ಬೀ ಭಾಷೆಯಲ್ಲಿ 'ವಿಲಾಯತ್' ಎಂದರೆ ಆಳ್ವಿಕೆ, ಆಳ್ವಿಕೆಗೆ ಒಳಪಟ್ಟ ಪ್ರಾಂತ. ಪಾರಸಿಯ ಮೂಲಕ ಭಾರತಕ್ಕೆ ಬಂದ ಈ ಶಬ್ದವು ಇಲ್ಲಿ ದೂರದ ಪರದೇಶ ಎಂಬ ಅರ್ಥವನ್ನು ತಳೆಯಿತು. ಆಂಗ್ಲರು ಬಂದ ಮೇಲೆ ಅವರ ನಾಡಿಗೇ ಸಂದಿತು. ಅಲ್ಲಿಂದ ಬಂದುದೆಲ್ಲ 'ವಿಲಾಯತಿ'. ವಕಾರವು ಬಕಾರವಾಗಿ 'ಬಿಲಾಯತಿ' ಎಂದೂ ನುಡಿಯುತ್ತಿದ್ದರು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ರಚಿಸಿದ, 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಸೋಡಾನೀರಿಗೆ 'ಬಿಲಾಯತಿ ಪಾನಿ' ಎಂಬ ಹೆಸರು ದಾಖಲಾಗಿದೆ. ಬಂಗಾಳಿಗಳಿಗೆ ಟೊಮ್ಯಾಟೊ ವಿಲಾಯತಿ ಬದನೆ. ಕನ್ನಡದ 'ಸೀಮೆ'ಯೂ ಇದೇ ಜಾಡನ್ನು ಹಿಡಿಯಿತಲ್ಲವೆ? ಎಲ್ಲೆ, ಪ್ರಾಂತ ಎಂಬ ಅರ್ಥದ ಆ ಶಬ್ದವೇ ಸೀಮೆಎಣ್ಣೆ, ಸೀಮೆಸುಣ್ಣಗಳಲ್ಲಿ ಪರದೇಶವನ್ನು ಸೂಚಿಸುತ್ತದೆ.

ಭಾರತದ ದಂಡುಗಳಲ್ಲಿದ್ದ ಆಂಗ್ಲ ಸಿಪಾಯಿಗಳು 'ಬಿಲಾಯತಿ'ಯನ್ನು ಕೇಳಿ, ತಮ್ಮ ನಾಲಗೆಗೆ ಒಗ್ಗುವಂತೆ ಬ್ಲೈಟಿ ಎಂದು ಮೊಟಕುಗೊಳಿಸಿದರು. ಭಾರತೀಯರು ಯಾವ ಮಾತಿನಿಂದ ಅವರನ್ನು ಹೊರಗಿನವರೆಂದು ಗುರುತಿಸಿದರೋ, ಆ ಮಾತೇ ಅವರಿಗೆ ಮನೆಯ ಹೆಸರಾಯಿತು! 1914ರ ಯುದ್ಧದಲ್ಲಿ ಭಾರತವನ್ನು ಕಣ್ಣಿನಿಂದಲೂ ಕಾಣದ ಲಕ್ಷಾಂತರ ತರುಣರ ಬಾಯಿಗೆ ಅದು ಬಂದಿತು. 1916ರಲ್ಲಿ ಜನಪ್ರಿಯ ಗೀತೆಯೊಂದರ ಶೀರ್ಷಿಕೆಯನ್ನೂ ಸೇರಿತು. ಬ್ರಿಟಿಷರು ಈಗಲೂ ಅದನ್ನು ಅಕ್ಕರೆಯಿಂದ, ತುಸು ಪರಿಹಾಸ್ಯದಿಂದ ಬಳಸುವುದುಂಟು.

ಅದೇ ಯುದ್ಧದಲ್ಲಿ ಭಾರತೀಯ ಸಿಪಾಯಿಗಳೂ ಫ್ರಾನ್ಸಿನಲ್ಲಿ ಹೋರಾಡಿದರು. ಗಾಯಗೊಂಡವರಲ್ಲಿ ಅನೇಕರನ್ನು ಇಂಗ್ಲೆಂಡಿಗೆ ಸಾಗಿಸಲಾಯಿತು. ಬ್ರೈಟನ್ ನಗರದ ಹಳೆಯ ಅರಮನೆಯೊಂದು ಅವರ ಆಸ್ಪತ್ರೆಯಾಯಿತು. ಕಡಲನ್ನು ದಾಟಿದ ಆಂಗ್ಲನು ಬ್ಲೈಟಿಯನ್ನು ಸೇರಿದನು. ಭಾರತೀಯನು ಸೇರಿದುದು ವಿಲಾಯತಿಯನ್ನು. ಅವನ ಊರು ಇನ್ನೂ ಸಾವಿರಾರು ಮೈಲಿಗಳಾಚೆ ಇದ್ದಿತು. ಗುಣಹೊಂದಿದವರಲ್ಲಿ ಹಲವರು ಮತ್ತೆ ರಣರಂಗಕ್ಕೇ ಮರಳಬೇಕಾಯಿತು.