ಸಿ. ಅಶ್ವತ್ಥ್: ಏರುದನಿಯ ಭಾವಗಾಯಕ

ಭಾವಗೀತೆಯೆಂದರೆ ನಯವಾದ, ಇಂಪಾದ ಕಂಠಕ್ಕೆ ಮೀಸಲಾದದ್ದೆಂಬ ಭಾವನೆ ಬೇರೂರಿದ್ದ ಕಾಲದಲ್ಲಿ, ಒರಟೆನಿಸುವ, ಒಮ್ಮೊಮ್ಮೆ ಕೂಗಿನ ಅಂಚಿಗೂ ಹೋಗುವ ದನಿಯಿಂದಲೇ ಕನ್ನಡ ಕವಿತೆಯನ್ನು ಜನರ ನಾಲಗೆಯ ಮೇಲೆ ನಿಲ್ಲಿಸಿದವರು ಸಿ. ಅಶ್ವತ್ಥ್. ಆಫ್ರಿಕನ್-ಅಮೆರಿಕನ್ನರ ಚರ್ಚುಗಳ ಭಕ್ತಿಗಾಯನವು 1950ರ ದಶಕದಲ್ಲಿ ಲೌಕಿಕ ಹಾಡಿನೊಡನೆ ಬೆರೆತು ರೂಪುಗೊಂಡ ‘ಸೋಲ್’ ಎಂಬ ಪ್ರಕಾರದಲ್ಲಿ ರೇ ಚಾರ್ಲ್ಸ್, ಓಟಿಸ್ ರೆಡಿಂಗ್, ಅರೀತಾ ಫ್ರಾಂಕ್ಲಿನ್ ಮೊದಲಾದವರು ದನಿಯ ಒಡಕನ್ನೂ ಬಿಕ್ಕನ್ನೂ ದೋಷವೆಂದು ಮರೆಮಾಚದೆ ಭಾವದ ಸಾಧನವಾಗಿಸಿಕೊಂಡರು. ಪರಂಪರೆ ಬೇರೆಯಾದರೂ, ಕನ್ನಡದಲ್ಲಿ ಅದಕ್ಕೆ ತೀರ ಸಮೀಪದ ಗಾಯನ ಅಶ್ವತ್ಥರದು.

1939ರ ಡಿಸೆಂಬರ್ 29ರಂದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಜನಿಸಿದ ಅವರು ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತು, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ದೀರ್ಘಕಾಲ ನೌಕರಿ ಮಾಡುತ್ತಲೇ ನಾಟಕಗಳಿಗೂ ಚಲನಚಿತ್ರಗಳಿಗೂ ಸಂಗೀತ ನೀಡಿದರು. ರಂಗಭೂಮಿಯ ಈ ನಂಟು ಅವರ ಗಾಯನವನ್ನು ಅರಿಯಲು ಮುಖ್ಯವಾದದ್ದು. ನಟ ಮಾತಿಗೆ ಕೊಡುವ ಒತ್ತನ್ನು ಅವರು ಪದ್ಯದ ಪದಕ್ಕೆ ಕೊಟ್ಟರು.

ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’ ಕವಿತೆಗೆ ಅಶ್ವತ್ಥರೇ ರಾಗ ಹಾಕಿ ಹಾಡಿದ್ದನ್ನು ಗಮನವಿಟ್ಟು ಕೇಳಿದರೆ ಈ ಮಾತು ಸ್ಪಷ್ಟವಾಗುತ್ತದೆ. ನೋಡದ ಕಡಲಿಗಾಗಿ ಹಾತೊರೆಯುವ ಮನಸ್ಸಿನ ಕವಿತೆಯದು. ದನಿ ತನ್ನೊಳಗೇ ಕೇಳಿಕೊಳ್ಳುವಂತೆ ಆರಂಭವಾಗಿ, ಹಂಬಲ ಬಲಿತಂತೆ ತಾರಸ್ಥಾಯಿಗೆ, ಅಂದರೆ ಸ್ವರಗಳ ಮೇಲಿನ ನೆಲೆಗೆ ಏರುತ್ತದೆ, ಮತ್ತು ಆ ಎತ್ತರದಲ್ಲಿ ಕಂಠ ಬಿಗಿಯುವುದು ಕಿವಿಗೆ ಗೊತ್ತಾಗುವುದರಿಂದಲೇ ತಲುಪಲಾಗದ ಕಡಲಿನ ನೋವು ಕೇಳುಗನಿಗೂ ತಟ್ಟುತ್ತದೆ. ಇದನ್ನೇ ಸಲೀಸಾಗಿ ಹಾಡಿದ್ದರೆ ಕವಿತೆ ಸೋಲುತ್ತಿತ್ತು.

ಅವರ ಕಂಠಕ್ಕೆ ಹೇಳಿ ಮಾಡಿಸಿದಂತೆ ಒದಗಿದ್ದು ಶಿಶುನಾಳ ಷರೀಫರ (1819–1889) ತತ್ವಪದಗಳು, ಎಂದರೆ ಅನುಭಾವದ ಒಳಮಾತನ್ನು ಆಡುನುಡಿಯ ಒಗಟಿನಲ್ಲಿ ಹೇಳುವ ಹಾಡುಗಳು. ಉತ್ತರ ಕರ್ನಾಟಕದ ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ಈ ಪದಗಳನ್ನು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಒಡನಾಟದಲ್ಲಿ ಅಶ್ವತ್ಥ್ ಕೈಗೆತ್ತಿಕೊಂಡರು, ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೂ ಅವರದೇ ಸಂಗೀತ. ಒಬ್ಬ ಎತ್ತಿಕೊಟ್ಟ ಸಾಲನ್ನು ಮೇಳ ಮರಳಿ ಹಾಡುವ ಭಜನೆಯ ಕ್ರಮ ಸೋಲ್ ಗಾಯನದ ತವರಾದ ಚರ್ಚುಗಳಲ್ಲಿಯೂ ಇದೆ, ಮತ್ತು ಎರಡೂ ಕಡೆ ಮುಂದಾಳಿನ ದನಿ ಮೇಳವನ್ನು ಮೀರಿ ಕೇಳಬೇಕಾದ್ದರಿಂದ ಗಂಟಲು ಬಿಚ್ಚಿ ಹಾಡುವುದು ಅನಿವಾರ್ಯವಾಗುತ್ತದೆ. ಅಶ್ವತ್ಥರ ಏರುದನಿಯನ್ನು ಅಬ್ಬರವೆಂದು ದೂರುವವರು ತತ್ವಪದದ ಈ ಹುಟ್ಟುನೆಲೆಯನ್ನು ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಹಾಗೆಂದು ಅವರಲ್ಲಿ ಮಾರ್ದವವಿರಲಿಲ್ಲವೆಂದಲ್ಲ, ಕೆ.ಎಸ್. ನರಸಿಂಹಸ್ವಾಮಿಯವರ ದಾಂಪತ್ಯಗೀತೆಗಳಿಗೆ ಹಾಕಿದ ರಾಗಗಳಲ್ಲಿ ಅದು ಧಾರಾಳವಾಗಿದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಬೃಹತ್ ಕಾರ್ಯಕ್ರಮ ನಡೆಸಿ, ಭಾವಗೀತೆಯನ್ನು ಸಣ್ಣ ಸಭಾಂಗಣದಿಂದ ಬಯಲಿಗೆ ತಂದ ಅಶ್ವತ್ಥ್, 2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ ನಿಧನರಾದರು.