ರವಿವರ್ಮ ಪಟ ಕೊಳ್ಳುವ ಮುನ್ನ ಅಂಚು ನೋಡಿ

ಹಿಂದೂಪುರ: ಹಿಂದೂಪುರ, ಕಲ್ಯಾಣದುರ್ಗದ ಕಡೆ ಹಳೆಯ ಮನೆ ಖಾಲಿ ಮಾಡುವಾಗ ಕಟ್ಟು ಹಾಕಿಸಿದ ಲಕ್ಷ್ಮಿ, ಸರಸ್ವತಿಯರ ಪಟ ಸಿಕ್ಕರೆ ಗುಜರಿಗೆ ಹಾಕಬೇಡಿ. ಹಾಗೆಂದು ‘ರವಿವರ್ಮ ಪ್ರೆಸ್’ ಎಂದಿದ್ದ ಮಾತ್ರಕ್ಕೆ ಕೇಳಿದಷ್ಟು ದುಡ್ಡು ಕೊಡಲೂ ಬೇಡಿ.

1894ರಲ್ಲಿ ಮುಂಬಯಿಯಲ್ಲಿ ಶುರುವಾದ ಈ ಕಲ್ಲಚ್ಚಿನ ಮುದ್ರಣಾಲಯ ಆಮೇಲೆ ಲೋಣಾವಳ ಬಳಿಗೆ ಹೋಯಿತು. ಜರ್ಮನಿಯ ಫ್ರಿಟ್ಜ್ ಶ್ಲೈಖರ್ ಕೈಗೂ ಬಂತು. 1906ರಲ್ಲಿ ರವಿವರ್ಮ ತೀರಿಕೊಂಡ ನಂತರವೂ ಅವೇ ಚಿತ್ರಗಳು ದಶಕಗಟ್ಟಲೆ ಅಚ್ಚಾದವು.

ಅಂಚಿನಲ್ಲಿ ಮುಂಬಯಿ ವಿಳಾಸವಿದ್ದರೆ ಸಾಮಾನ್ಯವಾಗಿ ಮೊದಲಿನದು, ಕಾರ್ಲಾ-ಲೋಣಾವಳ ಎಂದಿದ್ದರೆ ತಡವಾದದ್ದು. ಅಂಚು ಕತ್ತರಿಸಿದ್ದರೆ ಸಾಕ್ಷಿಯೇ ಹೋಯಿತು! ಭೂತಗನ್ನಡಿಯಲ್ಲಿ ಚುಕ್ಕೆಗಳು ಒಂದೇ ಸಮನೆ ಸಾಲಾಗಿ ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ನಕಲು. ತಡವಾದ ಕಲ್ಲಚ್ಚಿನ ಪ್ರತಿಯೂ ಸಂಗ್ರಹಕ್ಕೆ ಯೋಗ್ಯವೇ, ಬೆಲೆ ಮಾತ್ರ ಬೇರೆ. ಕುಂಕುಮದ ಕಲೆಯಿದ್ದರೆ ಇರಲಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ.