ಟೆಕ್ಸಾಸ್ ಸೇರಿದ ಹಿಣಿಲು

ಏಬಲ್ ಪಿಯರ್ಸ್, ಎಲ್ಲರ ಬಾಯಲ್ಲಿ ‘ಶಾಂಘೈ’ ಪಿಯರ್ಸ್, ಬದುಕಿರುವಾಗಲೇ ತನ್ನ ಗೋರಿಯ ಮೇಲಿಡಲು ಪ್ರತಿಮೆ ಮಾಡಿಸಿಟ್ಟಿದ್ದ. ಟೆಕ್ಸಾಸಿನ ಕಡಲಂಚಿನ ಹುಲ್ಲುಗಾವಲಿನಲ್ಲಿ ದನ ಸಾಕಿ ಸಿರಿವಂತನಾದ ಆಸಾಮಿಗೆ ಅಷ್ಟು ಜಂಬ ಇರಬಹುದು. ಆದರೆ ಅವನಿಗೂ ತಡೆಯಲಾಗದ್ದು ಒಂದಿತ್ತು: ಉಣುಗು.

ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸಿನಲ್ಲಿ 4 ಡಾಲರ್ ಬಾಳುತ್ತಿದ್ದ ಉದ್ದಕೊಂಬಿನ ದನ ಉತ್ತರದ ಪೇಟೆಯಲ್ಲಿ 40 ಡಾಲರ್ ತರುತ್ತಿತ್ತು. 1867ರಲ್ಲಿ ಜೋಸೆಫ್ ಮೆಕಾಯ್ ಕ್ಯಾನ್ಸಸಿನ ಅಬಿಲೀನ್‌ನಲ್ಲಿ, ರೈಲುಹಳಿಯ ಪಕ್ಕದಲ್ಲೇ, ದನದ ದೊಡ್ಡಿ ಕಟ್ಟಿಸಿದ. ತಿಂಗಳುಗಟ್ಟಲೆ ನಡೆದು ಬಂದ ಹಿಂಡುಗಳು ಅಲ್ಲಿಂದ ರೈಲು ಹತ್ತಿ ಷಿಕಾಗೋದ ಕಸಾಯಿಖಾನೆ ಸೇರುತ್ತಿದ್ದವು. ಆದರೆ ಟೆಕ್ಸಾಸಿನ ದನ ಹಾದುಹೋದ ದಾರಿಯಲ್ಲಿ ಊರಿನ ದನಗಳು ಕೆಂಪಗೆ ಉಚ್ಚೆ ಹೊಯ್ದು ಸಾಯುತ್ತಿದ್ದವು. ತಂದ ದನಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ರೈತರು ಬಂದೂಕು ಹಿಡಿದು ದಾರಿಗಡ್ಡ ನಿಂತರು. ಈ ರೋಗವನ್ನು ಹರಡುವುದು ಉಣುಗೇ ಎಂದು 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಎಫ್. ಎಲ್. ಕಿಲ್ಬೋರ್ನ್ ಸಾಬೀತು ಮಾಡಿದರು.

ಭಾರತದ ದನ ಉಣುಗಿನ ಕಾಟವನ್ನು ತಾಳಬಲ್ಲದು ಎಂದು ಪಿಯರ್ಸ್ ನಂಬಿದ್ದ. 1900ರಲ್ಲಿ ಆತ ತೀರಿಕೊಂಡ. ನಂಬಿಕೆಯನ್ನು ಕೈಗೂಡಿಸಿದ್ದು ಅವನ ಮನೆತನದ ಹಟ. 1905-06ರಲ್ಲಿ ವಿಕ್ಟೋರಿಯಾ ಊರಿನ ಓಕಾನರ್ ಮನೆತನದ ನೆರವಿನೊಂದಿಗೆ ಪಿಯರ್ಸ್ ರ‍್ಯಾಂಚ್ 30 ಹೋರಿ, 3 ಹಸುಗಳನ್ನು ಭಾರತದಿಂದ ತರಿಸಿಕೊಂಡಿತು.

ಹಿಣಿಲು, ಜೋಲುವ ಗಂಗೆದೊಗಲು, ಬಿಸಿಲಿಗೆ ಬೆವರುವ ಸಡಿಲ ಚರ್ಮ. ನಮ್ಮವರಿಗೆ ದಿನಾ ಕಾಣುವ ಈ ಲಕ್ಷಣಗಳೇ ಅಲ್ಲಿ ಬಂಡವಾಳವಾದವು.

ಗಿರ್, ಗುಜರಾತಿನ ಕಾಂಕ್ರೇಜ್, ಆಂಧ್ರದ ಓಂಗೋಲ್, ಜೊತೆಗೆ ನಮ್ಮ ಕೃಷ್ಣಾ ಕಣಿವೆ: ಈ ನಾಲ್ಕರ ರಕ್ತ ಬೆರೆತು ಹೊಸ ತಳಿ ಹುಟ್ಟಿತು. 1924ರಲ್ಲಿ ಅದರ ಸಾಕಣೆದಾರರ ಸಂಘವೂ ಎದ್ದಿತು. ಮಾಂಸಕ್ಕೆಂದೇ ಸಾಕುವ ಈ ದನಕ್ಕೆ ಹೂಸ್ಟನ್ನಿನ ಜೆ. ಡಬ್ಲ್ಯೂ. ಸಾರ್ಟ್‌ವೆಲ್ ಸೂಚಿಸಿದ ಹೆಸರು ‘ಬ್ರಾಹ್ಮನ್’! ಹೆಸರಿಡುವಾಗ ಭಾರತದವರು ಯಾರೂ ಪಕ್ಕದಲ್ಲಿ ಇದ್ದಿರಲಾರರು.

ಮನೆತನದಿಂದ ಮನೆತನಕ್ಕೆ ಹೋರಿ ಕೊಡುವ ವಾಡಿಕೆಯೂ ಇತ್ತು. 1910ರಲ್ಲಿ ಓಕಾನರ್ ಕೊಟ್ಟ ಮಿಶ್ರತಳಿಯ ಹೋರಿಯೊಂದು ಕಿಂಗ್ ರ‍್ಯಾಂಚ್‌ನಲ್ಲಿ ಹೊಸ ತಳಿಯ ಆಸೆ ಹುಟ್ಟಿಸಿತು. ಅಲ್ಲಿ 1920ರಲ್ಲಿ ಹುಟ್ಟಿದ ‘ಮಂಕಿ’ ಎಂಬ ಹೋರಿಯಿಂದ ಬೆಳೆದ ಸಾಂಟಾ ಗರ್ಟ್ರೂಡಿಸ್ ತಳಿಗೆ 1940ರಲ್ಲಿ ಸರ್ಕಾರದ ಮನ್ನಣೆ ಸಿಕ್ಕಿತು.

ಇತ್ತ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎರೆಹೊಲಗಳಲ್ಲಿ ನೇಗಿಲೆಳೆಯಲೆಂದೇ ಬೆಳೆಸಿದ್ದ ಕೃಷ್ಣಾ ಕಣಿವೆಯ ಎತ್ತುಗಳು ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಕಡಿಮೆಯಾಗುತ್ತಾ ಬಂದವು. ಅತ್ತ ರಿಯೋ ಗ್ರಾಂಡ್ ನದಿಯ ದಂಡೆಯಲ್ಲಿ, ಮೆಕ್ಸಿಕೋದಿಂದ ಉಣುಗು ಹೊತ್ತ ದನ ದಾಟಿ ಬಾರದಂತೆ, ಅಮೆರಿಕದ ಕೃಷಿ ಇಲಾಖೆಯ ಸವಾರರು ಇಂದಿಗೂ ಕುದುರೆಯೇರಿ ಗಸ್ತು ತಿರುಗುತ್ತಾರೆ.